ನಷ್ಟದಲ್ಲಿ ಪಾಲುಂಟು, ಲಾಭದಲ್ಲಿ ಏಕಿಲ್ಲ?

2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟವು ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ರಂಗಕ್ಕೆಂದೇ ರೂಪಿಸಿದ ನೀತಿಗೆ ಒಪ್ಪಿಗೆ ಕೊಟ್ಟಿತು. 2050ರವರೆಗೆ 3,268 ಕೋಟಿ ರೂಪಾಯಿಯ ಯೋಜನೆ. ಇಪ್ಪತ್ತು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಬಂಡವಾಳ, ಎರಡು ಲಕ್ಷ ಉದ್ಯೋಗದ ಗುರಿ. ನವಿಮುಂಬಯಿಯೂ ಸೇರಿದಂತೆ ಹಲವೆಡೆ ಈ ಉದ್ಯಮಕ್ಕೆ ಮೀಸಲಾದ ಪಾರ್ಕುಗಳು. ಥಾಣೆಯ ಘೋಡಬಂದರ್ ರಸ್ತೆಯ ಮನೆಗಳು ಈ ಸುದ್ದಿಗೆ ಕಿವಿಗೊಡಲು ಕಾರಣವಿದೆ. ಮಾಜಿವಾಡದಿಂದ ಕಾಸರವಡವಲಿ ದಾಟಿ ಗಾಯ್‌ಮುಖದವರೆಗೆ ಎದ್ದಿರುವ ಕಟ್ಟಡಗಳಲ್ಲಿ ಸಾಲದ ಕಂತು ಕಟ್ಟುತ್ತ ಬದುಕುವ ಮಧ್ಯಮವರ್ಗವಿದೆ. ಹೋಟೆಲು, ಬ್ಯಾಂಕು, ಕಾರ್ಖಾನೆಗಳ ದುಡಿಮೆಯಿಂದ ಮೇಲೆ ಬಂದ ತುಳು-ಕನ್ನಡ ಕುಟುಂಬಗಳೂ ಅದರಲ್ಲಿವೆ. ಈ ಮನೆಗಳ ಮಕ್ಕಳಲ್ಲಿ ಅನೇಕರಿಗೆ ಎಂಜಿನಿಯರಿಂಗ್‌ಗಿಂತ ಗೇಮ್ ಮಾಡುವ ಕೆಲಸದ ಮೇಲೆ ಮನಸ್ಸು. ಲಕ್ಷಗಟ್ಟಲೆ ಶುಲ್ಕದ ಡಿಪ್ಲೊಮಾ ಕೋರ್ಸುಗಳು ಥಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ಅವರಿಗಾಗಿ ಬಾಗಿಲು ತೆರೆದಿವೆ. ಎರಡು ಲಕ್ಷ ಉದ್ಯೋಗ ಎಂಬ ಲೆಕ್ಕ ಕೇಳಿದಾಗ ತಂದೆತಾಯಿಗೆ ಸಮಾಧಾನವಾಗುವುದು ಸಹಜ. ಆದರೆ ಆ ಉದ್ಯೋಗಗಳು ಯಾವ ಬಗೆಯವು, ಅವು ತಯಾರಿಸುವ ವಸ್ತು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಕೇಳದೆ ಆ ಸಮಾಧಾನಕ್ಕೆ ಅರ್ಥವಿಲ್ಲ.

ಭಾರತದಲ್ಲಿ ದೊಡ್ಡ ಕನ್ಸೋಲ್ ಮತ್ತು ಪಿಸಿ ಗೇಮ್‌ಗಳಿಗೆ ಸಂಬಂಧಿಸಿದ ಕೆಲಸ ಬಹುಮಟ್ಟಿಗೆ ಹೊರಗುತ್ತಿಗೆಯದು. ಅದು ನಡೆಯುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಅಮೆರಿಕದ ಕಂಪನಿಯೊಂದು ತನ್ನ ಗೇಮ್‌ನಲ್ಲಿ ಒಂದು ನಗರವನ್ನು ಕಟ್ಟುತ್ತಿದೆ ಎನ್ನೋಣ. ಆ ನಗರದ ಬೀದಿದೀಪದ ಒಂದು ಕಂಬ ಇಲ್ಲಿಗೆ ಕೆಲಸವಾಗಿ ಬರುತ್ತದೆ. ಜೊತೆಗೆ ಕೆಲವು ಫೋಟೊ, ಅಳತೆ, ಎಷ್ಟು ಪಾಲಿಗನ್ (ಆಕೃತಿಯನ್ನು ಕಟ್ಟುವ ಪುಟ್ಟ ಬಹುಭುಜಗಳು) ಮೀರಬಾರದು ಎಂಬ ಮಿತಿ. ಕಲಾವಿದ ಮೊದಲು ಕಂಬವನ್ನು ಅತಿ ಸೂಕ್ಷ್ಮ ವಿವರಗಳೊಂದಿಗೆ ಕೆತ್ತುತ್ತಾನೆ. ತುಕ್ಕು, ಕಿತ್ತ ಬಣ್ಣ, ಬುಡದಲ್ಲಿ ಯಾರೋ ಹಚ್ಚಿ ಹರಿದ ಭಿತ್ತಿಪತ್ರದ ಕುರುಹು ಎಲ್ಲವೂ ಇರಬೇಕು. ಬಳಿಕ ಅದೇ ಕಂಬದ ಹಗುರ ರೂಪವೊಂದನ್ನು ಮಾಡಿ, ಸೂಕ್ಷ್ಮ ರೂಪದ ವಿವರಗಳನ್ನೆಲ್ಲ ಅದರ ಮೈಮೇಲೆ ಕೂರಿಸಬೇಕು. ದೂರದಿಂದ ಕಾಣುವಾಗ ಬಳಸಲು ಇನ್ನೂ ಹಗುರವಾದ ಎರಡು-ಮೂರು ರೂಪಗಳು ಬೇರೆ. ಕಳುಹಿಸಿದ ಮೇಲೆ ಅಲ್ಲಿಯ ಹಗಲಿಗೆ, ಅಂದರೆ ಇಲ್ಲಿಯ ರಾತ್ರಿಗೆ, ತಿದ್ದುಪಡಿಗಳು ಬರುತ್ತವೆ. ಸ್ಟುಡಿಯೊಗೆ ಹಣ ಸಿಗುವುದು ಇಷ್ಟು ಜನ, ಇಷ್ಟು ದಿನ ಎಂಬ ದರದ ಮೇಲೆ, ಇಲ್ಲವೇ ಕಂಬಕ್ಕಿಷ್ಟು ಎಂಬ ಒಪ್ಪಂದದ ಮೇಲೆ. ಗೇಮ್ ಬಿಡುಗಡೆಯಾಗಿ ಕೋಟಿ ಪ್ರತಿ ಮಾರಿದರೂ ಆ ಕಂಬದ ದರ ಬದಲಾಗದು. ಗೋಪ್ಯತೆಯ ಕರಾರು ಇರುವುದರಿಂದ, ಗೇಮ್ ಹೊರಬರುವವರೆಗೂ ತಾನು ಮಾಡಿದ ಕೆಲಸವನ್ನು ಕಲಾವಿದ ಬೇರೊಂದು ಸಂದರ್ಶನದಲ್ಲಿ ತೋರಿಸುವಂತಿಲ್ಲ. ಈ ಕೆಲಸಕ್ಕೆ ಅಪಾರ ಕೌಶಲ ಬೇಕು, ಅದರಲ್ಲಿ ಕೀಳೆಂಬುದು ಏನೂ ಇಲ್ಲ. ಪ್ರಶ್ನೆ ಇರುವುದು ಕೌಶಲದ ಬಗ್ಗೆ ಅಲ್ಲ, ಕರಾರಿನ ಬಗ್ಗೆ.

ಈ ವ್ಯವಸ್ಥೆಯ ಪರವಾಗಿ ಹೇಳುವವರ ಬಳಿ ಗಟ್ಟಿಯಾದ ಒಂದು ವಾದವಿದೆ. ಗೇಮ್ ಉದ್ಯಮ ಜೂಜಿನಂತೆ ಅನಿಶ್ಚಿತ. ಹತ್ತಾರು ಗೇಮ್‌ಗಳಲ್ಲಿ ಒಂದೆರಡು ಮಾತ್ರ ಹಾಕಿದ ಹಣವನ್ನು ಹಿಂತಿರುಗಿಸುತ್ತವೆ. ಆ ಅಪಾಯವನ್ನು ವಿದೇಶಿ ಕಂಪನಿ ಹೊರಲಿ, ನಮ್ಮ ಹುಡುಗರಿಗೆ ತಿಂಗಳ ಕೊನೆಗೆ ಸಂಬಳ ಬಂದರೆ ಸಾಕು, ಲಾಭ ಕೈತಪ್ಪಿದರೂ ನಷ್ಟ ತಟ್ಟದಲ್ಲ ಎಂಬುದು ಆ ವಾದ. ಇದು ನಿಜವಾಗಿದ್ದರೆ ಒಪ್ಪಿಕೊಳ್ಳಬಹುದಿತ್ತು. ಆದರೆ ಕಳೆದ ಹನ್ನೆರಡು-ಹದಿಮೂರು ವರ್ಷಗಳಲ್ಲಿ ನಡೆದದ್ದು ಬೇರೆ. ಇದೇ ಬಗೆಯ ಹೊರಗುತ್ತಿಗೆ ನಡೆಯುವ ಚಿತ್ರರಂಗದ ದೃಶ್ಯ ಪರಿಣಾಮಗಳ (ವಿಎಫ್‌ಎಕ್ಸ್) ಕ್ಷೇತ್ರವನ್ನೇ ಮೊದಲು ನೋಡಿ. 2013ರ ಫೆಬ್ರುವರಿಯಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ದೃಶ್ಯ ಪರಿಣಾಮಗಳಿಗೆ ಆಸ್ಕರ್ ಬಂತು. ಆ ಕೆಲಸ ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿ ಎರಡು ವಾರದ ಹಿಂದೆಯಷ್ಟೇ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಅದಕ್ಕೆ ಮುಂಬಯಿ ಮತ್ತು ಹೈದರಾಬಾದ್‌ಗಳಲ್ಲೂ ಸ್ಟುಡಿಯೊಗಳಿದ್ದವು. 2025ರ ಫೆಬ್ರುವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ ಹಣವಿಲ್ಲದೆ ಕುಸಿಯಿತು. ಅದರ ಎಂಪಿಸಿ ವಿಭಾಗ ಕೆಲಸ ಮಾಡಿದ್ದ ‘ಮುಫಾಸಾ’ ತೆರೆಕಂಡು ಆಗ ಮೂರು ತಿಂಗಳೂ ಆಗಿರಲಿಲ್ಲ. ಭಾರತದಲ್ಲಿ ಆ ಸಮೂಹದ ಸುಮಾರು ಮೂರು ಸಾವಿರ ನೌಕರರಿದ್ದರು, ಬಹುತೇಕರು ಬೆಂಗಳೂರಿನಲ್ಲಿ. ಆ ತಿಂಗಳ ಸಂಬಳವೇ ಅತಂತ್ರವಾಯಿತು. ಗೇಮ್ ವಿಭಾಗವನ್ನು ಮುಂದೆ ಬೇರೊಂದು ಕಂಪನಿ ಕೊಂಡುಕೊಂಡಿತು, ಚಿತ್ರರಂಗದ ಕೆಲಸದಲ್ಲಿದ್ದ ಅನೇಕರಿಗೆ ಆ ಅದೃಷ್ಟವೂ ಇರಲಿಲ್ಲ. ಇಲ್ಲಿನ ಕಲಾವಿದರ ಕೆಲಸದಲ್ಲಿ ಲೋಪವಿರಲಿಲ್ಲ. ಯಾವ ನಿರ್ಧಾರದಲ್ಲಿ ಅವರಿಗೆ ದನಿ ಇರಲಿಲ್ಲವೋ ಆ ನಿರ್ಧಾರದ ಫಲವನ್ನು ಅವರು ಉಂಡರು.

ಕನ್ನಡ ನಾಡಿನ ಉದಾಹರಣೆಯನ್ನೇ ಇನ್ನಷ್ಟು ಬಿಡಿಸಿ ನೋಡೋಣ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಭಾರತದ ಗೇಮ್ ಉದ್ಯಮದ ಮೊದಲ ಹೆಸರು. ಥಾಮಸ್ ಫ್ರೀಡ್‌ಮನ್ ತಮ್ಮ ‘ದ ವರ್ಲ್ಡ್ ಈಸ್ ಫ್ಲಾಟ್’ ಕೃತಿಯಲ್ಲಿ ಹೊಸ ಭಾರತದ ಮಾದರಿಯೆಂದು ಈ ಕಂಪನಿಯನ್ನು ಚಿತ್ರಿಸಿದ್ದರು. ಚಾರ್ಲಿ ಚಾಪ್ಲಿನ್ನನ ಚಿತ್ರವನ್ನು ಮೊಬೈಲ್ ಗೇಮ್‌ಗಳಲ್ಲಿ ಬಳಸುವ ಹಕ್ಕನ್ನು ಅದು ಪಡೆದದ್ದು ಅಲ್ಲಿ ಪ್ರಸ್ತಾಪವಾಗಿದೆ. ಸ್ವಂತದ್ದೇನಾದರೂ ಕಟ್ಟಬೇಕೆಂಬ ಹಂಬಲ ಆ ದಿನಗಳಲ್ಲೇ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಆದರೂ ಕಂಪನಿಯ ಹೊಟ್ಟೆ ತುಂಬಿದ್ದು ವಿದೇಶಿ ಗೇಮ್‌ಗಳ ಕಲಾ ಕೆಲಸದಿಂದ. 2016ರ ಕೊನೆಗೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದರ ಬಹುಪಾಲು ಷೇರು ಕೊಂಡಿತು. ಎರಡು ವರ್ಷದ ಬಳಿಕ ಸ್ಟಾರ್‌ಬ್ರೀಜ್ ಹೊರತಂದ ‘ದ ವಾಕಿಂಗ್ ಡೆಡ್’ ಗೇಮ್ ನೆಲಕಚ್ಚಿತು. ಕಂಪನಿ 2018ರ ಡಿಸೆಂಬರಿನಲ್ಲಿ ನ್ಯಾಯಾಲಯದ ರಕ್ಷಣೆ ಕೋರಿತು. ಸಾಲ ತೀರಿಸಲು ಮಾರಬಹುದಾದದ್ದನ್ನೆಲ್ಲ ಮಾರುವ ಹೊತ್ತಿಗೆ ಧ್ರುವವೂ ಆ ಪಟ್ಟಿಯಲ್ಲಿತ್ತು. 2019ರ ಮೇ ತಿಂಗಳಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು 79 ಲಕ್ಷ ಡಾಲರ್‌ಗೆ ಕೊಂಡಿತು. ಸ್ಟಾಕ್‌ಹೋಮಿನಲ್ಲಿ ಒಂದು ಗೇಮ್ ಸೋತರೆ ಬೆಂಗಳೂರಿನ ಇಪ್ಪತ್ತೆರಡು ವರ್ಷದ ಸಂಸ್ಥೆ ಕೈಬದಲಾಗುತ್ತದೆ ಎಂದಾದರೆ, ನಷ್ಟ ನಮ್ಮನ್ನು ತಟ್ಟದು ಎಂಬ ವಾದ ಎಲ್ಲಿ ಉಳಿಯಿತು?

ಆ 79 ಲಕ್ಷ ಡಾಲರ್ ಆಗಿನ ವಿನಿಮಯ ದರದಲ್ಲಿ ಸುಮಾರು 55 ಕೋಟಿ ರೂಪಾಯಿ. ಮುನ್ನೂರಕ್ಕೂ ಹೆಚ್ಚು ಮಂದಿ ನುರಿತ ಕಲಾವಿದರಿದ್ದ ಕಂಪನಿ ಅದು. ತಲಾ ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ಇಪ್ಪತ್ತು ಲಕ್ಷವೂ ಬೀಳದು. ಆ ದುಡ್ಡಿಗೆ ಘೋಡಬಂದರ್ ರಸ್ತೆಯಲ್ಲಿ ಒಂದು ಅಡುಗೆಮನೆಯ ಜಾಗವಷ್ಟೇ ಸಿಕ್ಕೀತು. ಇದೇ ರಾಕ್‌ಸ್ಟಾರ್ 2013ರಲ್ಲಿ ಬಿಡುಗಡೆ ಮಾಡಿದ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಮೂರೇ ದಿನದಲ್ಲಿ ನೂರು ಕೋಟಿ ಡಾಲರ್ ವಹಿವಾಟು ಮಾಡಿತ್ತು. ಆ ಗೇಮ್‌ಗೆ ಸುರಿದ ಬಂಡವಾಳವೂ ವರ್ಷಗಳೂ ಅಪಾರ, ಅದನ್ನು ಮರೆಯಬಾರದು. ಹಾಗಾಗಿ ಹೋಲಿಕೆಗೆ ಬೆಂಗಳೂರಿನದೇ ಇನ್ನೊಂದು ಕಂಪನಿಯನ್ನು ತೆಗೆದುಕೊಳ್ಳುವುದು ನ್ಯಾಯ. 2013ರಲ್ಲಿ ಶುರುವಾದ ಮೂನ್‌ಫ್ರಾಗ್ ಲ್ಯಾಬ್ಸ್ ‘ತೀನ್ ಪತ್ತಿ ಗೋಲ್ಡ್’, ‘ಲೂಡೊ ಕ್ಲಬ್’ ಎಂಬ ಸ್ವಂತ ಮೊಬೈಲ್ ಗೇಮ್‌ಗಳನ್ನು ಮಾಡಿ ನಡೆಸುತ್ತಿತ್ತು. ಧ್ರುವಕ್ಕಿಂತ ಚಿಕ್ಕ ತಂಡ. ಕುಸುರಿ ಕೆಲಸದಲ್ಲಿ ಧ್ರುವದ ಕಲಾವಿದರಿಗೆ ಅದನ್ನು ಹೋಲಿಸುವಂತೆಯೂ ಇಲ್ಲ. ಇಸ್ಪೀಟು ಮತ್ತು ಲೂಡೊ ಬೋರ್ಡಿಗೆ ಎಷ್ಟು ಕುಸುರಿ ಬೇಕು? 2021ರಲ್ಲಿ ಸ್ವೀಡನ್ನಿನದೇ ಆದ ಸ್ಟಿಲ್‌ಫ್ರಂಟ್ ಅದನ್ನು ಸುಮಾರು 9 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎಂಟು ವರ್ಷದ ಕಂಪನಿಗೆ ಇಪ್ಪತ್ತೆರಡು ವರ್ಷದ ಕಂಪನಿಯ ಹನ್ನೊಂದು ಪಟ್ಟು ಬೆಲೆ. ಕೊಂಡವರಿಗೆ ಬೇಕಾಗಿದ್ದದ್ದು ನಾಳೆಯೂ ನಾಡಿದ್ದೂ ದುಡಿದು ಕೊಡುವ ಗೇಮ್‌ನ ಹಕ್ಕು. ಧ್ರುವದ ಬಳಿ ಇದ್ದದ್ದು ಜನರ ಕೈಗುಣ. ಜನ ನಾಳೆ ರಾಜೀನಾಮೆ ಕೊಟ್ಟರೆ ಅದೂ ಹೊರಟುಹೋಗುತ್ತದೆ.

ಸೇವೆ ಕೊಡುವ ಕಂಪನಿಗೆ ಬೆಲೆಯೇ ಇಲ್ಲವೆಂದು ಇದರಿಂದ ತೀರ್ಮಾನಿಸುವುದೂ ತಪ್ಪಾದೀತು. ಉಡುಪಿಯ ರೋಬೋಸಾಫ್ಟ್ ಇದಕ್ಕೆ ಉತ್ತರ. 1996ರಲ್ಲಿ ಆರಂಭವಾದ ಆ ಕಂಪನಿ ಮುಖ್ಯವಾಗಿ ಬೇರೆಯವರಿಗಾಗಿ ಆ್ಯಪ್ ಮಾಡಿಕೊಟ್ಟದ್ದು. 2021ರಲ್ಲಿ ಜಪಾನಿನ ಟೆಕ್ನೊಪ್ರೊ ಅದನ್ನು 805 ಕೋಟಿ ರೂಪಾಯಿಗೆ ಕೊಂಡಿತು. ಗಮನಿಸಬೇಕಾದ್ದು, ಅಲ್ಲಿ ಗ್ರಾಹಕ ಕಂಪನಿ ಕಂಬದ ಅಳತೆ ಕೊಟ್ಟು ಕೂಡುವುದಿಲ್ಲ. ಆ್ಯಪ್ ಹೇಗಿರಬೇಕು, ಬಳಸುವವನಿಗೆ ಏನು ಬೇಕು ಎಂಬ ಆಲೋಚನೆಯ ಹಂತದಿಂದಲೇ ಕೆಲಸ ಇಲ್ಲಿ ನಡೆಯುತ್ತದೆ. ಅದೇ ಉಡುಪಿಯಲ್ಲಿ ರೋಹಿತ್ ಭಟ್ 2008ರಲ್ಲಿ ಕಟ್ಟಿದ 99 ಗೇಮ್ಸ್, ಹಿಂದಿ ಚಿತ್ರದ ಜೊತೆಗೆ ‘ಧೂಮ್ 3’ ಗೇಮ್ ತಂದು, ಮರುವರ್ಷ ‘ಸ್ಟಾರ್ ಶೆಫ್’ ಎಂಬ ತನ್ನದೇ ಗೇಮ್ ಬಿಟ್ಟಿತು. ಹೋಟೆಲು ನಡೆಸುವ ಆ ಗೇಮ್ ಹೊರದೇಶಗಳಲ್ಲೂ ಆಡುಗರನ್ನು ಗಳಿಸಿತು. ಹೋಟೆಲಿನ ನಾಡಿನಿಂದ ಹೋಟೆಲಿನ ಗೇಮ್ ಹೊರಟದ್ದು ಸೊಗಸಾದ ಸಂಗತಿ. ಉಡುಪಿಯಲ್ಲಿ ಸಾಧ್ಯವಾದದ್ದಕ್ಕೆ ಥಾಣೆಯಲ್ಲಿ ಜನವೂ ಇದೆ, ವಿದ್ಯುತ್ತೂ ಇದೆ, ಇಂಟರ್‌ನೆಟ್ಟೂ ಇದೆ.

ಸ್ವಂತ ಗೇಮ್ ಸೋಲುವುದೇ ಹೆಚ್ಚು, ಭಾರತದ ಆಡುಗ ದುಡ್ಡು ಬಿಚ್ಚುವುದಿಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ನಮ್ಮಲ್ಲಿ ಗೇಮಿಂಗ್ ಆದಾಯವೆಂದು ವರ್ಷಗಟ್ಟಲೆ ತೋರಿಸಿದ ಅಂಕಿಗಳಲ್ಲಿ ದೊಡ್ಡ ಪಾಲು ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನಂತಹ ಹಣ ಕಟ್ಟುವ ಆಟಗಳದ್ದು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವುಗಳನ್ನು ನಿಷೇಧಿಸಿತು; ಮುಂಬಯಿ, ಬೆಂಗಳೂರುಗಳಲ್ಲಿ ಅವುಗಳನ್ನು ನಂಬಿದ್ದ ಸಾವಿರಾರು ಕೆಲಸಗಳು ಅಲುಗಾಡಿದವು. ಉಳಿದ ಗೇಮ್‌ಗಳಿಗೆ ದುಡ್ಡು ಕೊಡುವ ರೂಢಿ ನಮ್ಮಲ್ಲಿ ಕಡಿಮೆಯೇ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ ಗೇಮ್‌ನ ದಾರಿ ಎಷ್ಟು ಕಷ್ಟದ್ದೆಂದರೆ, 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಹಣ ಎತ್ತುವ ಯತ್ನ ಕೈಗೂಡಲಿಲ್ಲ. 2020ರಲ್ಲಿ ಗೇಮ್ ಹೊರಬಂದ ಮೇಲೆ ಜಗತ್ತಿನ ದೊಡ್ಡ ಗೇಮ್ ಪ್ರಶಸ್ತಿಯ ಚೊಚ್ಚಲ ಕೃತಿಗಳ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತು. ಆದರೆ ಈ ಕಷ್ಟವೇ ಸಾರ್ವಜನಿಕ ಹಣಕ್ಕೆ ಕಾರಣ ಒದಗಿಸುತ್ತದೆ. ಗ್ರಾಹಕ ಕಂಪನಿಯಿಂದ ತಿಂಗಳು ತಿಂಗಳು ಹಣ ಬರುವ ಹೊರಗುತ್ತಿಗೆ ಸ್ಟುಡಿಯೊಗೆ ಬ್ಯಾಂಕು ಸಾಲ ಕೊಟ್ಟೀತು. ಬ್ಯಾಂಕು ಎಂದೂ ಸಾಲ ಕೊಡದ ಕಡೆಗೇ ಸರ್ಕಾರದ ದುಡ್ಡು ಹೋಗಬೇಕಾದ್ದು. ಪೋಲೆಂಡಿನ ಸಿಡಿ ಪ್ರೊಜೆಕ್ಟ್ 1994ರಲ್ಲಿ ಆರಂಭವಾದಾಗ ಬೇರೆಯವರ ಗೇಮ್‌ಗಳನ್ನು ತಂದು, ಪೋಲಿಷ್‌ಗೆ ಅನುವಾದಿಸಿ ಮಾರುತ್ತಿತ್ತು. ಅದರ ಸ್ವಂತ ‘ದ ವಿಚರ್’ ಬಂದದ್ದು 2007ರಲ್ಲಿ; ಆ ಸರಣಿಯ ಮೂರನೆಯದು ಐದು ಕೋಟಿ ಪ್ರತಿ ದಾಟಿದೆ. ಅಲ್ಲಿಯ ಸರ್ಕಾರ 2016ರಲ್ಲಿ ಗೇಮ್ ಕಂಪನಿಗಳ ಸಂಶೋಧನೆಗೆಂದೇ ‘ಗೇಮ್‌ಇನ್’ ಎಂಬ ಸಹಾಯಧನದ ಯೋಜನೆ ತಂದಿತು. ಚೀನಾದಲ್ಲಿ ಇಪ್ಪತ್ತು ವರ್ಷ ವಿದೇಶಿ ಗೇಮ್‌ಗಳ ಕಲಾ ಕೆಲಸ ಧಾರಾಳವಾಗಿ ನಡೆಯಿತು. 2024ರ ಆಗಸ್ಟಿನಲ್ಲಿ ಅಲ್ಲಿಯದೇ ‘ಬ್ಲ್ಯಾಕ್ ಮಿತ್: ವುಕಾಂಗ್’ ಮೂರು ದಿನಗಳಲ್ಲಿ ಒಂದು ಕೋಟಿ ಪ್ರತಿ ಮಾರಿತು. ಹೊರಗುತ್ತಿಗೆಯಲ್ಲಿ ಕಲಿತವರೇ ಮುಂದೆ ಸ್ವಂತದ್ದನ್ನು ಕಟ್ಟುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ದಾಟುವಿಕೆ ತಾನಾಗಿ ಆಗುವುದಿಲ್ಲ. ಧ್ರುವದ ಇಪ್ಪತ್ತೆರಡು ವರ್ಷ ಅದನ್ನೇ ತೋರಿಸುತ್ತದೆ.

ಹೊರಗುತ್ತಿಗೆ ಸ್ಟುಡಿಯೊಗಳಿಗೆ ಸರ್ಕಾರ ಹೆಚ್ಚು ಕರಾರು ಹಾಕಿದರೆ ಕೆಲಸ ವಿಯೆಟ್ನಾಮಿಗೋ ಫಿಲಿಪ್ಪೀನ್ಸಿಗೋ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ದರವನ್ನೇ ನಂಬಿ ಬಂದ ಕೆಲಸ ದರಕ್ಕಾಗಿಯೇ ಹೋಗುತ್ತದೆ, ಕರಾರು ಇರಲಿ ಬಿಡಲಿ. ದರದ ಪೈಪೋಟಿಯಲ್ಲಿ ಈಗ ದೇಶಗಳಷ್ಟೇ ಇಲ್ಲ, ಚಿತ್ರ ಬಿಡಿಸುವ ಕೃತಕ ಬುದ್ಧಿಮತ್ತೆಯೂ ನಿಂತಿದೆ. ಬೀದಿದೀಪದ ಕಂಬದಂತಹ, ಅಳತೆ ಕೊಟ್ಟು ಮಾಡಿಸುವ ಕೆಲಸದ ಮೇಲೆಯೇ ಅದರ ಕಣ್ಣು ಮೊದಲು ಬೀಳುವುದು. ಇನ್ನು ಭಾರತೀಯರು ತಮ್ಮ ಕೆಲಸ ಕಸಿಯುತ್ತಿದ್ದಾರೆಂದು ಪಶ್ಚಿಮದ ನೌಕರರು ದೂರುವುದಿದೆ. ಆದರೆ ಅಲ್ಲಿಯ ಕಡಿತವನ್ನು ನೋಡಿ. 2023ರ ಅಕ್ಟೋಬರಿನಲ್ಲಿ ಮೈಕ್ರೊಸಾಫ್ಟ್ ಸುಮಾರು 6,900 ಕೋಟಿ ಡಾಲರ್‌ಗೆ ಆ್ಯಕ್ಟಿವಿಷನ್ ಬ್ಲಿಜರ್ಡ್ ಕೊಂಡಿತು. ಮೂರು ತಿಂಗಳಲ್ಲಿ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳುಹಿಸಿತು. ಹೊರಗುತ್ತಿಗೆಯ ಅತಿ ದೊಡ್ಡ ಕಂಪನಿಗಳಲ್ಲೊಂದಾದ ಸಿಂಗಪುರದ ವರ್ಚುವೋಸ್ 2025ರ ಜುಲೈಯಲ್ಲಿ ಸುಮಾರು 270 ಮಂದಿಯನ್ನು ತೆಗೆದುಹಾಕಿತು. ಕೆಲಸ ಕೊಡುವ ಕಡೆಯೂ ಕಡಿತ, ಕೆಲಸ ಪಡೆಯುವ ಕಡೆಯೂ ಕಡಿತ. ಸಿಯಾಟಲಿನ ನೌಕರನೂ ಥಾಣೆಯ ನೌಕರನೂ ಒಂದೇ ಬದಿಯಲ್ಲಿದ್ದಾರೆ. ಇಬ್ಬರ ಕೈಯಲ್ಲೂ ಗೇಮ್‌ನ ಹಕ್ಕಿಲ್ಲ. ವಿದೇಶಿ ಕಂಪನಿಯ ಸ್ವಂತ ಶಾಖೆ ಇಲ್ಲಿದ್ದರೆ ಸಾಕೆಂಬ ಭರವಸೆಯೂ ಪೂರ್ತಿ ನಿಲ್ಲುವುದಿಲ್ಲ. ಮುಂಬಯಿಯಲ್ಲಿ ವಿಶಾಲ್ ಗೊಂಡಲ್ 1999ರಲ್ಲಿ ಕಟ್ಟಿದ ಇಂಡಿಯಾಗೇಮ್ಸ್ ಯುಟಿವಿ ಮೂಲಕ ಡಿಸ್ನಿಯ ಪಾಲಾಯಿತು. 2016ರಲ್ಲಿ ಡಿಸ್ನಿ ಇಲ್ಲಿನ ಗೇಮ್ ವ್ಯವಹಾರವನ್ನೇ ಮುಚ್ಚಿತು. ಯುಬಿಸಾಫ್ಟ್ 2020ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಹಳೆಯ ಗೇಮ್ ಒಂದನ್ನು ಮರುನಿರ್ಮಿಸುವ ನೇತೃತ್ವವನ್ನು ಪುಣೆ-ಮುಂಬಯಿ ಸ್ಟುಡಿಯೊಗಳಿಗೆ ಕೊಟ್ಟಿರುವುದಾಗಿ ಪ್ರಕಟಿಸಿದಾಗ ಇಲ್ಲಿ ಸಂಭ್ರಮವಿತ್ತು, 2022ರಲ್ಲಿ ಆ ಕೆಲಸ ಮಾಂಟ್ರಿಯಲ್‌ಗೆ ಹೋಯಿತು.

ಸಾರ್ವಜನಿಕ ಹಣ ಕೊಡುವ ಸರ್ಕಾರಗಳು ಏನನ್ನು ಅಳೆಯುತ್ತಿವೆ ಎಂಬುದು ಇಲ್ಲಿ ಮುಖ್ಯ. ಈ ರಂಗಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ಶ್ರೇಯ ಕರ್ನಾಟಕದ್ದು. ಅದರ 2024–29ರ ಹೊಸ ನೀತಿ 30,000 ಹೊಸ ಉದ್ಯೋಗಗಳ ಜೊತೆಗೆ, ರಂಗದ ಒಟ್ಟು ಆದಾಯದಲ್ಲಿ ರಫ್ತಿನ ಪಾಲು ಕನಿಷ್ಠ ಶೇ 80 ಆಗಬೇಕು ಎಂಬ ಗುರಿ ಇಟ್ಟಿದೆ. ರಫ್ತು ಒಳ್ಳೆಯದೇ. ಆದರೆ ಸ್ವಂತ ಗೇಮ್ ಮಾರಿ ಬಂದ ಡಾಲರೂ, ಕಂಬ ಕೆತ್ತಿದ ಕೂಲಿಯಾಗಿ ಬಂದ ಡಾಲರೂ ಈ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ. ಹಾಗೆ ಅಳೆದರೆ ಅಧಿಕಾರಿಗಳು ಸುಲಭದ ದಾರಿಯನ್ನೇ ಹಿಡಿಯುತ್ತಾರೆ. ಸಾವಿರ ಕುರ್ಚಿ ಹಾಕುವ ವಿದೇಶಿ ಸ್ಟುಡಿಯೊಗೆ ಜಾಗದ ರಿಯಾಯಿತಿ ಕೊಟ್ಟರೆ ವರ್ಷಾಂತ್ಯದ ವರದಿ ತುಂಬುತ್ತದೆ. ಮಹಾರಾಷ್ಟ್ರದ 3,268 ಕೋಟಿಗೂ ಇದೇ ಗತಿ ಬರಬಾರದು. ಹೊರಗುತ್ತಿಗೆ ಸ್ಟುಡಿಯೊಗೆ ರಿಯಾಯಿತಿ ಕೊಡಿ, ಬೇಡವೆನ್ನುವುದಿಲ್ಲ. ಬದಲಿಗೆ ಮೂರು ತಿಂಗಳ ಸಂಬಳವನ್ನು ಮುಟ್ಟಲಾಗದ ಠೇವಣಿಯಾಗಿ ಇಡುವಂತೆ ಕರಾರು ಹಾಕಿ. ದಿವಾಳಿ ಕಾನೂನಿನಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಆದ್ಯತೆ ಇದೆ ನಿಜ, ಆದರೆ ಆ ಪ್ರಕ್ರಿಯೆ ಮುಗಿಯುವಷ್ಟರಲ್ಲಿ ಮನೆಸಾಲದ ಎಷ್ಟೋ ಕಂತುಗಳು ತಪ್ಪಿರುತ್ತವೆ. ಅದೂ ಸ್ಟುಡಿಯೊದ ಕಲಾವಿದ ಆ ಕಾನೂನಿನ ಅರ್ಥದಲ್ಲಿ ಕಾರ್ಮಿಕನೇ ಹೌದೋ ಅಲ್ಲವೋ ಎಂಬ ತಕರಾರು ಬೇರೆ. ಗೇಮ್‌ನ ಕೊನೆಯ ಹೆಸರುಪಟ್ಟಿಯಲ್ಲಿ ಇಲ್ಲಿಯ ಕಲಾವಿದನ ಹೆಸರು ಬರಲೇಬೇಕೆಂದು ಕೇಳಿ. ಅದಕ್ಕೆ ಯಾರ ಕಿಸೆಯಿಂದಲೂ ದುಡ್ಡು ಹೋಗದು, ಆದರೆ ಮುಂದಿನ ಕೆಲಸ ಹುಡುಕುವವನಿಗೆ ಅದೇ ಆಸ್ತಿ. ಉಳಿದ ಹಣದಲ್ಲಿ ದೊಡ್ಡ ಭಾಗವನ್ನು, ಹಕ್ಕು ಇಲ್ಲಿಯೇ ಉಳಿಯುವ ಸಣ್ಣ ತಂಡಗಳಿಗೆ ಹಂಚಿ. ನೂರು ತಂಡಗಳಲ್ಲಿ ತೊಂಬತ್ತು ಸೋಲುತ್ತವೆ ಎಂದು ಒಪ್ಪಿಕೊಂಡೇ ಹಂಚಬೇಕು. ಸೋತ ತಂಡದ ಹುಡುಗರ ಕೈಯಲ್ಲಿ ಒಂದು ಪೂರ್ತಿ ಗೇಮ್ ಮುಗಿಸಿದ ಅನುಭವ ಉಳಿಯುತ್ತದೆ. ಹತ್ತು ವರ್ಷ ಕಂಬ ಕೆತ್ತಿದವನಿಗೂ ಆ ಅನುಭವ ಸಿಗದೆ ಹೋಗಬಹುದು.

ಸರ್ಕಾರವನ್ನು ಕಾಯದೆ ಮಾಡಬಹುದಾದದ್ದೂ ಇದೆ. ಮುಂಬಯಿ, ಥಾಣೆ, ಡೊಂಬಿವಲಿಗಳ ಕನ್ನಡ ಸಂಘಗಳು, ಜಾತಿ ಸಮುದಾಯಗಳ ಸಂಘಗಳು ಪ್ರತಿವರ್ಷ ವಿದ್ಯಾರ್ಥಿವೇತನ ಹಂಚುತ್ತವೆ. ಈ ಶಿಸ್ತು ನಮ್ಮವರಿಗೆ ತಲೆಮಾರುಗಳಿಂದ ಬಂದದ್ದು. ಅದರಲ್ಲಿ ಒಂದು ಪಾಲು, ಕೋರ್ಸು ಮುಗಿಸಿದ ಮೂರು-ನಾಲ್ಕು ಮಕ್ಕಳ ತಂಡಕ್ಕೆ ಆರು ತಿಂಗಳ ಖರ್ಚಾಗಿ ಹೋಗಬಹುದು. ಬೇಕಾದ ಸಲಕರಣೆ ದುಬಾರಿಯಲ್ಲ. ಗೊಡೊ ಎಂಬ ಗೇಮ್ ಎಂಜಿನ್ ಪೂರ್ತಿ ಉಚಿತ. ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಗೇಮ್‌ನ ಗಳಿಕೆ ಹತ್ತು ಲಕ್ಷ ಡಾಲರ್ ದಾಟಿದ ಮೇಲಷ್ಟೇ ಪಾಲು ಕೊಡಬೇಕು. ಗೂಗಲ್ ಪ್ಲೇಯಲ್ಲಿ ಗೇಮ್ ಮಾರಾಟಕ್ಕಿಡಲು ಒಮ್ಮೆ 25 ಡಾಲರ್ ಕಟ್ಟಿದರಾಯಿತು, ಸ್ಟೀಮ್‌ನಲ್ಲಿ ಗೇಮ್ ಒಂದಕ್ಕೆ 100 ಡಾಲರ್. ನಿಜವಾದ ಖರ್ಚು ಆ ಆರು ತಿಂಗಳ ಊಟ, ಬಾಡಿಗೆ, ಮತ್ತು ಮನೆಯವರು ಕೆಲಸ ಯಾವಾಗ ಸಿಗುತ್ತದೆ ಎಂದು ಕೇಳದೆ ಇರಲು ಬೇಕಾದ ಧೈರ್ಯ. ಗೇಮ್ ಯಾರ ಹೆಸರಿನಲ್ಲಿ ನೋಂದಾಯಿತವಾಗುತ್ತದೆ, ತಂಡದಿಂದ ಒಬ್ಬ ಹೊರಟರೆ ಅವನ ಪಾಲು ಏನಾಗುತ್ತದೆ ಎಂಬುದನ್ನು ಮೊದಲ ದಿನವೇ ಕಾಗದದ ಮೇಲೆ ಬರೆಸಿಕೊಡಲು ಈ ಸಂಘಗಳಲ್ಲಿ ವಕೀಲರಿಗೂ ಲೆಕ್ಕಪರಿಶೋಧಕರಿಗೂ ಕೊರತೆಯಿಲ್ಲ.